ಮುಹೂರ್ತದ ದಿನ ಚಾರ್ಜರ್ ಸಿಗುದಿಲ್ಲ

ನವೆಂಬರ್ 3, ಸೋಮವಾರ

ಗೋಡೆಯ ಕ್ಯಾಲೆಂಡರ್ ತೆಗೆದು ಡಿಸೆಂಬರ್‌ವರೆಗಿನ ಮುಹೂರ್ತ ಎಲ್ಲ ಬರೆದುಕೊಂಡೆ. ಯಾರದ್ದೂ ಮದುವೆ ಮಾಡಿಸಲಿಕ್ಕಲ್ಲ, ವ್ಯಾನ್ ಚಾರ್ಜ್ ಮಾಡಲಿಕ್ಕೆ. ನಮ್ಮ ವ್ಯಾನಿಗೆ ಬೇಗ ಕರೆಂಟ್ ತುಂಬಿಸುವ ಮೆಷಿನ್ ಸುಳ್ಯ ಪೇಟೆಯಲ್ಲಿ ಇರುದು ಒಂದೇ ಒಂದು. ಅದನ್ನು ತಂದು ನಿಲ್ಲಿಸಿದ್ದು ಎಲ್ಲಿ? ಮದುವೆ ಹಾಲಿನ ಅಂಗಳದಲ್ಲಿ! ಎಂತ ತಲೆ ಮಾರಾಯ್ರೆ ಅದನ್ನು ಅಲ್ಲಿ ಇಟ್ಟವರದ್ದು.

ಈ ಡೈರಿ ಹಾರ್ಡ್‌ವೇರ್ ಅಂಗಡಿಯವರು ಕೊಟ್ಟದ್ದು. ಜನವರಿಯಿಂದ ಖಾಲಿ ಬಿದ್ದಿತ್ತು. ಇವತ್ತು ಮಂಡೆ ಬಿಸಿಯಾಗಿ ಯಾರಿಗಾದ್ರೂ ಹೇಳ್ಬೇಕು ಅನ್ನಿಸಿತು. ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಇದಕ್ಕೆ ಹೇಳ್ತಾ ಇದ್ದೇನೆ.

ಸಂಗತಿ ಎಂತ ಅಂದ್ರೆ, ವಿಶೇಷ ಮಕ್ಕಳ ಶಾಲೆಯ ಎಲೆಕ್ಟ್ರಿಕ್ ವ್ಯಾನ್ ಓಡಿಸುದು ನಾನು. ಬೆಳಿಗ್ಗೆ ಜಾಲ್ಸೂರಿನ ಮಕ್ಕಳು, ಮತ್ತೆ ಸಂಪಾಜೆ ಕಡೆಯವರು. ಸಾಯಂಕಾಲ ಪುನಃ ಅದೇ. ರಾತ್ರಿ ಶಾಲೆಯ ಪ್ಲಗ್ಗಿಗೆ ಹಾಕಿಟ್ಟರೆ ಬೆಳಿಗ್ಗೆಗೆ ನೂರು ಪರ್ಸೆಂಟ್ ಆಗ್ತದೆ. ಬೆಳಿಗ್ಗೆಯ ಟ್ರಿಪ್ಪು ಮುಗಿಯುವಾಗ ನಲವತ್ತೆರಡು. ಅಷ್ಟರಲ್ಲಿ ಸಾಯಂಕಾಲದ ಟ್ರಿಪ್ಪು ಮುಗಿಯುದಿಲ್ಲ. ಹಗಲು ಶಾಲೆಯಲ್ಲಿ ಪ್ಲಗ್ ಹಾಕಿದ್ರೆ ತರಗತಿಯ ಫ್ಯಾನೇ ತಿರುಗುದಿಲ್ಲ, ಅಷ್ಟೇ ವೋಲ್ಟೇಜ್. ಮಕ್ಕಳಿಗೆ ಊಟ ಮಾಡಿಸಿ ಹನ್ನೆರಡೂವರೆಗೆ ನಾನು ಆ ಹಾಲಿನ ಅಂಗಳಕ್ಕೆ ಹೋಗ್ಬೇಕು, ಒಂದು ಗಂಟೆ ಮೆಷಿನ್ ಸಿಗ್ಬೇಕು. ಸಿಗದಿದ್ರೆ ಸಂಪಾಜೆ ಇಲ್ಲ.

ತುಳಸಿ ಪೂಜೆ ಮುಗೀತು, ಇನ್ನು ಮದುವೆ ಸುರು. ಅದೇ ಹೊತ್ತಿಗೆ ಶಾಲೆಯ ಸಂಚಾಲಕರು ದೇವದಾಸ ರೈಗಳು ಕರೆಸಿ ಹೇಳಿದ್ರು: "ದಮಯಂತಿ, ಡಿಸೆಂಬರ್ ಹದಿನೈದಕ್ಕೆ ಕಮಿಟಿ ಮೀಟಿಂಗ್. ಅಷ್ಟರೊಳಗೆ ಮೂರು ದಿನ ಮಕ್ಕಳು ಮನೆ ಮುಟ್ಟುವಾಗ ಅರ್ಧ ಗಂಟೆಗಿಂತ ಹೆಚ್ಚು ತಡ ಆದ್ರೆ ಜನವರಿಯಿಂದ ಡೀಸೆಲ್ ವ್ಯಾನಿನವನಿಗೆ ಕೊಡುದು ಅಂತ ಆಗಿದೆ. ನನ್ನ ಕೈಯಲ್ಲಿ ಎಂತ ಇಲ್ಲ."

"ಆಯ್ತು" ಅಂದೆ. ಮತ್ತೆಂತ ಹೇಳುದು? ನನಗೆ ಕೆಲಸ ಎಲ್ಲಿಯಾದ್ರೂ ಸಿಗ್ತದೆ. ಇಪ್ಪತ್ತು ವರ್ಷ ಜೀಪು ಓಡಿಸಿದವಳು. ಆದ್ರೆ ಪ್ರೀತಿಕಾ?

ನವೆಂಬರ್ 5, ಬುಧವಾರ

ಚಾರ್ಜ್ ಆಯ್ತು. ಮದುವೆ ಇರ್ಲಿಲ್ಲ.

ಪ್ರೀತಿಕಾ ವಿಷಯ ಬರೆದಿಡುತ್ತೇನೆ, ನಾಳೆ ಯಾರಾದ್ರೂ ಕೇಳಿದ್ರೆ ಸರಿಯಾಗಿ ಹೇಳಲಿಕ್ಕೆ ಆಗ್ಬೇಕು. ಹನ್ನೊಂದು ವರ್ಷದ ಹುಡುಗಿ. ಮಾತಿಲ್ಲ. ಸಂಪಾಜೆ ಪೇಟೆಯಿಂದ ಒಳಗೆ ಮನೆ, ತಾಯಿ ಸುಪ್ರಿತಾ ರಬ್ಬರ್ ಟ್ಯಾಪಿಂಗಿಗೆ ಹೋಗುದು. ಇಂಜಿನ್ ಶಬ್ದ ಕೇಳಿದ್ರೆ ಈ ಮಗು ಎರಡೂ ಕಿವಿ ಮುಚ್ಚಿ ರಸ್ತೆಯಲ್ಲೇ ಕೂತುಬಿಡುದು. ಬಸ್ಸು ಆಗ್ಲಿಲ್ಲ, ಜೀಪು ಆಗ್ಲಿಲ್ಲ, ರಿಕ್ಷಾ ಆಗ್ಲಿಲ್ಲ. ಎರಡು ವರ್ಷ ಶಾಲೆಯೇ ಇಲ್ಲದೆ ಮನೆಯಲ್ಲಿತ್ತು. ಈ ಜೂನಿನಲ್ಲಿ ನಮ್ಮ ವ್ಯಾನ್ ಶಬ್ದ ಇಲ್ಲದೆ ಹೋಗಿ ನಿಂತದ್ದು ನೋಡಿ ತಾನೇ ಬಾಗಿಲು ತೆಗೆದು ಎದುರಿನ ಸೀಟಲ್ಲಿ ಕೂತಳು. ಸುಪ್ರಿತಾ ಅಲ್ಲೇ ನಿಂತು ಅತ್ತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ಈಗ ಅವಳಿಗೆ ನನ್ನ ಮುಖ ನೋಡುದು ಬೇಡ, ಬ್ಯಾಟರಿಯ ಪರ್ಸೆಂಟ್ ನೋಡುದು ಸಾಕು. ಒಂದು ಸಣ್ಣ ಪುಸ್ತಕದಲ್ಲಿ ಪ್ರತಿ ಸ್ಟಾಪಿಗೂ ಅದನ್ನು ಬರೆಯುತ್ತಾಳೆ. ಅಂಕೆ ಕಲಿತದ್ದೇ ಹಾಗೆ ಅಂತ ಟೀಚರ್ ಹೇಳಿದ್ರು.

ಡೀಸೆಲ್ ವ್ಯಾನ್ ಬಂದ್ರೆ ಈ ಮಗು ಹತ್ತುದಿಲ್ಲ. ಕಮಿಟಿಯವರಿಗೆ ರೈಗಳ ಮೂಲಕ ಹೇಳಿಸಿದೆ. "ನಿಧಾನಕ್ಕೆ ಅಭ್ಯಾಸ ಆಗ್ತದೆ" ಅಂದ್ರಂತೆ. ಅಭ್ಯಾಸ! ಇವರ ಕಿವಿಯ ಹತ್ರ ದಿನಾ ಗರ್ನಾಲು ಪಟಾಕಿ ಹೊಡೆದು ಅಭ್ಯಾಸ ಮಾಡಿಸ್ಬೇಕು.

ನವೆಂಬರ್ 10, ಸೋಮವಾರ

ಮದುವೆ. ಮೆಷಿನಿನ ಎದುರು ಪೆಟ್ರೋಲ್ ಕಾರು. ಹಾಲಿನ ಮ್ಯಾನೇಜರ್ ಕೃಷ್ಣಮೋಹನಣ್ಣನ ಹತ್ರ ಹೇಳಿದೆ. ಅವರು ಮೈಕಿನಲ್ಲಿ ನಂಬರ್ ಕೂಗಿದ್ರು. ಮೈಕಿನಲ್ಲಿ ಕೂಗಿದ್ದು ವಾಲಗದ ನಡುವೆ ಯಾರಿಗೆ ಕೇಳ್ತದೆ? ಮತ್ತೆ ಒಬ್ಬ ಹಲ್ಲು ಕಡ್ಡಿ ಕಚ್ಚಿಕೊಂಡು ಬಂದು, "ಓ, ಇದು ಕರೆಂಟಿನದ್ದಾ? ನೆರಳುಂಟು ಅಂತ ಇಟ್ಟೆ" ಅಂದ. ಮೆಷಿನಿಗೆ ಮಾಡಿದ ತಗಡಿನ ನೆರಳಿಗೆ!

ಇಪ್ಪತ್ತು ನಿಮಿಷ ತಡ. ಲೆಕ್ಕಕ್ಕಿಲ್ಲ.

ಕೃಷ್ಣಮೋಹನಣ್ಣ, "ಕಾಯುವ ಹೊತ್ತಿಗೆ ಒಳಗೆ ಬಂದು ಊಟ ಮಾಡಿ ಅಕ್ಕ" ಅಂತ ಕರೆದ್ರು. ನಾನು ಮದುವೆ ಊಟ ಮಾಡುದಿಲ್ಲ ಅಂದೆ. ಯಾಕೆ ಅಂತ ಅವರು ಕೇಳ್ಲಿಲ್ಲ, ಬಚಾವ್.

ನವೆಂಬರ್ 12, ಬುಧವಾರ

ಹೊಟ್ಟೆ ಉರೀತದೆ.

ಕಾರಿನವನು ಊಟಕ್ಕೆ ಕೂತಿದ್ದ. ಕೃಷ್ಣಮೋಹನಣ್ಣ ಬಾಗಿಲಲ್ಲಿ ನಿಂತು ತೋರಿಸಿದ್ರು: "ಓ ಅಲ್ಲಿ, ನೀಲಿ ಶರ್ಟು. ಆದ್ರೆ ಎಲೆಯ ಎದುರಿಂದ ಎಬ್ಬಿಸಲಿಕ್ಕೆ ಆಗ್ತದಾ ಅಕ್ಕ? ಪಂಕ್ತಿ ಏಳ್ಲಿ." ನನಗೂ ಗೊತ್ತುಂಟು, ಊಟದ ನಡುವೆ ಒಬ್ಬನನ್ನು ಎಬ್ಬಿಸುದು ಅಂದ್ರೆ ನಮ್ಮ ಕಡೆ ಮಾಡಬಾರದ ಕೆಲಸ. ಪಂಕ್ತಿ ಏಳುದು ಅಂದ್ರೆ ಸಾರು, ಸಾಂಬಾರು, ಎರಡು ಪಾಯಸ, ಮಜ್ಜಿಗೆ, ಆಮೇಲೆ ಎಲ್ಲರೂ ಒಟ್ಟಿಗೆ ಏಳ್ಬೇಕು. ಐವತ್ತು ನಿಮಿಷ ಹೊರಗೆ ನಿಂತೆ. ಹೊರಗೆ ಬಂದ ಮೇಲೂ ಅವನಿಗೆ ಬೀಡ ಬೇಕು, ಮದುಮಗನ ಒಟ್ಟಿಗೆ ಫೋಟೋ ಬೇಕು, ಅದರಲ್ಲಿ ಇನ್ನೊಂದು ಗಂಟೆ ಹೋಯ್ತು.

ಸಂಪಾಜೆ ಮುಟ್ಟುವಾಗ ಒಂದು ಗಂಟೆ ತಡ. ರೈಗಳು ಪುಸ್ತಕದಲ್ಲಿ ಬರೆದುಕೊಂಡ್ರು. ಒಂದು.

ನವೆಂಬರ್ 17, ಸೋಮವಾರ

ಇವತ್ತು ನಾನು ಎಬ್ಬಿಸಿದೆ.

ಅದೇ ಕಥೆ. ಬೂದಿ ಬಣ್ಣದ ಕಾರು ಅಡ್ಡ, ಮೈಕಿನಲ್ಲಿ ಮೂರು ಸಲ ಕೂಗಿ ಆಯ್ತು. ಕಾರು ಯಾರದ್ದು ಅಂತ ಒಬ್ಬರು ಬೆರಳು ತೋರಿಸಿದ್ರು. ಮೊದಲ ಪಂಕ್ತಿಯ ಆಚೆ ತುದಿಯಲ್ಲಿ ಬಿಳಿ ಮುಂಡು, ಬಿಳಿ ಅಂಗಿಯ ಅಜ್ಜ ಒಬ್ಬರು, ಸಾರು ಕಲಸ್ತಾ ಇದ್ರು. ನಾನು ಚಪ್ಪಲಿ ಬಿಚ್ಚಿ ಸೀದಾ ಒಳಗೆ ಹೋದೆ. ಹದಿನೇಳು ವರ್ಷದ ನಂತರ ಮದುವೆಯ ಊಟದ ಹಾಲಿಗೆ ಕಾಲಿಟ್ಟದ್ದು, ಅದೂ ಜಗಳಕ್ಕೆ.

"ಕಾರು ತೆಗೀರಿ. ಮಕ್ಕಳ ವ್ಯಾನ್ ಚಾರ್ಜಿಗೆ ಹಾಕ್ಬೇಕು" ಅಂದೆ.

"ಊಟ ಮುಗಿಸಿ ತೆಗೀತೇನೆ."

"ನಿಮ್ಮ ಊಟ ಮುಗಿಯುವಾಗ ನನ್ನ ಮಕ್ಕಳಿಗೆ ಕತ್ತಲಾಗ್ತದೆ. ಈಗಲೇ ಏಳಿ."

ಸ್ವರ ಸ್ವಲ್ಪ ಜೋರಾಗಿಯೇ ಬಂತು. ಬಡಿಸುವವರು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ರು. ಅಜ್ಜ ನನ್ನ ಮುಖ ನೋಡಿದ್ರು, ಎಲೆ ನೋಡಿದ್ರು, ಎದ್ದರು. ಕೈ ತೊಳೆದು ಕಾರು ತೆಗೆದು ರಸ್ತೆಗೆ ಹಾಕಿಕೊಂಡು ಹೋಗಿಯೇ ಬಿಟ್ರು.

ಸಮಯಕ್ಕೆ ಸರಿಯಾಗಿ ಸಂಪಾಜೆ ಮುಟ್ಟಿದೆ. ಪ್ರೀತಿಕಾ 63 ಅಂತ ಬರೆದಳು. ಹೀಗೇ ಮಾಡ್ಬೇಕು, ಬಾಯಿ ಬಿಟ್ಟು ಕೇಳದಿದ್ರೆ ಈ ಊರಲ್ಲಿ ಯಾರೂ ಕ್ಯಾರ್ ಮಾಡುದಿಲ್ಲ.

ನವೆಂಬರ್ 18, ಮಂಗಳವಾರ

ಅಯ್ಯೋ ದೇವರೇ.

ನಾನು ಎಬ್ಬಿಸಿದ್ದು ಮದುಮಗಳ ಸೋದರಮಾವನನ್ನಂತೆ. ಸಂಕಪ್ಪ ಗೌಡ್ರು. ಕೊಯಿಲದವರು. ತಂಗಿಯ ಮಗಳನ್ನು ಕೈ ಹಿಡಿದು ಮಂಟಪಕ್ಕೆ ಕರ್ಕೊಂಡು ಬಂದವರು, ಅರ್ಧ ಊಟದಿಂದ ಎದ್ದು ಮನೆಗೇ ಹೋದ್ರು. ಮದುಮಗಳು ಅತ್ತದ್ದಂತೆ. ಮದುವೆ ಮನೆಯವರು ಹಾಲಿನವರ ಮೇಲೆ ಬಿದ್ದರಂತೆ, ನಿಮ್ಮ ಅಂಗಳಕ್ಕೆ ಕಂಡಕಂಡವರೆಲ್ಲ ಬಂದು ನೆಂಟರನ್ನು ಎಬ್ಬಿಸುದಾ ಅಂತ.

ಕೃಷ್ಣಮೋಹನಣ್ಣ ಗೇಟಿನಲ್ಲೇ ತಡೆದ್ರು. "ಅಕ್ಕ, ನನ್ನ ಮೇಲೆ ಬೇಜಾರು ಮಾಡಬೇಡಿ. ಮದುವೆ ಇಲ್ಲದ ದಿನ ಧಾರಾಳ ಬನ್ನಿ. ಮದುವೆ ದಿನ ನಿಮ್ಮ ವ್ಯಾನ್ ಒಳಗೆ ಬಿಡುದು ಬೇಡ ಅಂತ ಧಣಿಗಳು ಹೇಳಿದ್ದಾರೆ. ಸಂಕಪ್ಪ ಗೌಡ್ರೇ ಹೇಳಿದ್ರೆ ಮಾತ್ರ ಬಿಡುದು."

ನಾನು ತಪ್ಪು ಮಾಡ್ಲಿಲ್ಲ. ಮೆಷಿನಿನ ಎದುರು ಕಾರು ಇಟ್ಟದ್ದು ಅವರು. ಸೋದರಮಾವ ಆದ್ರೆ ಎಲ್ಲಿ ಬೇಕಾದ್ರೂ ಇಡಬಹುದಾ? ನಾನು ಯಾರ ಹತ್ರವೂ ಹೋಗಿ ಹಲ್ಲು ಗಿಂಜುವವಳಲ್ಲ.

ನವೆಂಬರ್ 20, ಗುರುವಾರ

ಮದುವೆ. ಗೇಟು ಹಾಕಿತ್ತು. ಶಾಲೆಯ ಪ್ಲಗ್ಗಿಗೇ ಹಾಕಿದೆ, ಫ್ಯಾನ್ ಎಲ್ಲ ಬಂದ್. ಮಕ್ಕಳು ಬೆವರಿ ಮುದ್ದೆ. ಟೀಚರ್ ರಟ್ಟಿನಿಂದ ಗಾಳಿ ಹಾಕ್ತಾ ಒಂದು ಸಲ ನನ್ನ ಕಡೆ ನೋಡಿದ್ರು. ಸಂಪಾಜೆಯಿಂದ ಬರುವಾಗ ಆರು ಪರ್ಸೆಂಟ್. ಎಸಿ ಹಾಕದೆ, ಇಳಿಜಾರಿನಲ್ಲಿ ಉರುಳಿಸಿಕೊಂಡು ಬಂದೆ. ಇನ್ನೊಮ್ಮೆ ಹೀಗೆ ಮಕ್ಕಳನ್ನು ಬೇಯಿಸಲಿಕ್ಕೆ ಆಗುದಿಲ್ಲ.

ನವೆಂಬರ್ 24, ಸೋಮವಾರ

ಪುತ್ತೂರಿಗೆ ಹೋಗಿ ಚಾರ್ಜ್ ಮಾಡಿಕೊಂಡು ಬರುವ ಅಂತ ಬೆಳಿಗ್ಗೆ ಟ್ರಿಪ್ಪು ಮುಗಿಸಿದ ಕೂಡ್ಲೆ ಹೊರಟೆ. ನಲವತ್ತೆರಡರಲ್ಲಿ ಹೊರಟು ಒಂಬತ್ತರಲ್ಲಿ ಮುಟ್ಟಿದೆ. ಅಲ್ಲಿ ನನ್ನ ಮುಂದೆ ಎರಡು ಕಾರು. ಮೊದಲನೆಯವನು ಚಾರ್ಜಿನ ಗನ್ ಕಾರಿಗೆ ಸಿಕ್ಕಿಸಿ ಬೀಗ ಹಾಕಿ ಪೇಟೆಗೆ ಹೋಗಿದ್ದ. ನೂರು ಪರ್ಸೆಂಟ್ ಆಗಿ ಅರ್ಧ ಗಂಟೆ ಕಳೆದ ಮೇಲೆ ಚಪ್ಪಲಿ ಡಬ್ಬ ಹಿಡ್ಕೊಂಡು ಬಂದ. ಬಯ್ಯಲಿಕ್ಕೆ ಬಾಯಿ ತೆರೆದವಳು ಮುಚ್ಚಿಕೊಂಡೆ. ಮೊನ್ನೆ ಬಾಯಿ ತೆರೆದದ್ದು ಸಾಕಾಗಿದೆ.

ಸುಳ್ಯಕ್ಕೆ ವಾಪಸ್ ಮುಟ್ಟುವಾಗ ನಾಲ್ಕೂಕಾಲು. ಸಂಪಾಜೆಗೆ ಆರು ಕಳೆದಿತ್ತು. ಸುಪ್ರಿತಾ ರಸ್ತೆ ಬದಿಯಲ್ಲಿ ಟಾರ್ಚ್ ಹಿಡ್ಕೊಂಡು ಒಬ್ಬಳೇ ನಿಂತಿದ್ದಳು. ಮೊನ್ನೆಯಿಂದ ಆ ಬದಿಯಲ್ಲಿ ಆನೆ ಉಂಟಂತೆ, ಲದ್ದಿ ಬಿದ್ದಿತ್ತಂತೆ. ಅವಳು ನಾಲ್ಕೂವರೆಯಿಂದ ನಿಂತವಳು. ನಾಲ್ಕು ಬಯ್ದಿದ್ರೆ ಚಂದ ಇತ್ತು. "ಬಂದ್ರಲ್ಲ ಅಕ್ಕ, ಸಾಕು" ಅಂದಳು, ಮಗಳ ಬ್ಯಾಗ್ ತಗೊಂಡು ಹೋದಳು.

ಬರುವ ದಾರಿಯಲ್ಲಿ ವ್ಯಾನ್ ಬದಿಗೆ ಹಾಕಿ ಸ್ವಲ್ಪ ಹೊತ್ತು ಕೂತೆ. ಅಳು ಬಂತು, ಬರ್ಲಿ ಅಂತ ಬಿಟ್ಟೆ.

ರೈಗಳು ಬರೆದುಕೊಂಡ್ರು. ಎರಡು. ಇನ್ನೊಂದು ಆದ್ರೆ ಮುಗೀತು.

ನವೆಂಬರ್ 26, ಬುಧವಾರ

ನಿನ್ನೆಯಿಂದ ಯೋಚನೆ ಮಾಡ್ತಾ ಇದ್ದೇನೆ. ಕಾರು ಇಟ್ಟದ್ದು ಅವರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಎಲೆಯ ಎದುರಿಂದ ಎಬ್ಬಿಸಿದ್ದು ನನ್ನದು.

ನನಗೆ ಇದು ಬೇರೆಯವರು ಹೇಳ್ಬೇಕಾ? ತಂಗಿಯ ಮದುವೆಯ ದಿನ ನನಗೇ ಆದದ್ದು. ಹಸಿರು ಸೀರೆ ಉಟ್ಟುಕೊಂಡು ಊಟಕ್ಕೆ ಕೂತಿದ್ದೆ. ದೊಡ್ಡಮ್ಮ ಬಂದು, "ಮದುವೆಯಾಗದ ಅಕ್ಕ ಮೊದಲ ಪಂಕ್ತಿಯಲ್ಲಿ ಕೂತ್ರೆ ನೆಂಟರು ಎಂತ ಹೇಳಿಯಾರು, ಆಮೇಲೆ ಕೂತುಕೊ" ಅಂತ ಎಬ್ಬಿಸಿದ್ರು. ಎಲೆಯಲ್ಲಿ ಉಪ್ಪು, ಉಪ್ಪಿನಕಾಯಿ ಬಡಿಸಿ ಆಗಿತ್ತು. ಎದ್ದವಳು ಸೀದಾ ಬಸ್ಸು ಹತ್ತಿದೆ. ಆ ಮೇಲೆ ಯಾರ ಮದುವೆಯಲ್ಲೂ ಉಣ್ಣಲಿಲ್ಲ. ಸೀರೆ ಟ್ರಂಕಿನಲ್ಲಿ ಉಂಟು.

ಅಷ್ಟು ಗೊತ್ತಿದ್ದೂ ಅದನ್ನೇ ಆ ಅಜ್ಜನಿಗೆ ಮಾಡಿದೆನಲ್ಲ.

ಆದಿತ್ಯವಾರ ಕೊಯಿಲಕ್ಕೆ ಹೋಗುದು.

ನವೆಂಬರ್ 30, ಆದಿತ್ಯವಾರ

ಬೆಳಿಗ್ಗೆ ಐದಕ್ಕೆ ಎದ್ದು ಅಡಿಗೆ ಮಾಡಿದೆ. ಅನ್ನ, ತೊಗರಿಬೇಳೆ ಸಾರು, ತೊಂಡೆಕಾಯಿ ಪಲ್ಯ, ಹೆಸರುಬೇಳೆ ಪಾಯಸ. ಪಾಯಸ ಅಡಿ ಹಿಡೀತು. ಪುನಃ ಮಾಡ್ಲಿಕ್ಕೆ ಬೆಲ್ಲ ಇರ್ಲಿಲ್ಲ. ಎಲ್ಲ ಟಿಫಿನ್ ಕ್ಯಾರಿಯರಿಗೆ ಹಾಕಿ, ಒಂದು ಬಾಳೆಲೆ ಸುರುಳಿ ಸುತ್ತಿ ಬಸ್ಸು ಹತ್ತಿದೆ. ಎರಡು ಬಸ್ಸು ಬದಲಾಯಿಸಿ, ಜಾನುವಾರು ಫಾರ್ಮಿನ ಹತ್ರ ಇಳಿದು ಕೇಳಿದೆ. ಸಂಕಪ್ಪ ಗೌಡ್ರ ಮನೆ ಎಲ್ಲರಿಗೂ ಗೊತ್ತುಂಟು.

ಅವರು ಜಗಲಿಯಲ್ಲಿ ಕೂತು ಕನ್ನಡಕ ಒರೆಸ್ತಾ ಇದ್ರು. ನನ್ನ ಗುರ್ತ ಸಿಕ್ಕಿತು, ಮುಖದಲ್ಲಿ ಕಂಡಿತು. ಆದ್ರೂ ಒಳಗೆ ತಿರುಗಿ, "ಬೆಲ್ಲ ನೀರು ತನ್ನಿ" ಅಂದ್ರು. ಬಂದವರಿಗೆ ಮೊದಲು ನೀರು, ಆಮೇಲೆ ಉಳಿದದ್ದು. ಆ ನೀರು ಕುಡಿಯುವಾಗಲೇ ನನಗೆ ಅರ್ಧ ಜೀವ ಹೋಗಿತ್ತು.

"ಅವತ್ತು ನಿಮ್ಮನ್ನು ಎಲೆಯ ಎದುರಿಂದ ಎಬ್ಬಿಸಿದ್ದು ನಾನು. ತಪ್ಪಾಯ್ತು. ಆ ಊಟ ಪೂರ್ತಿ ಮಾಡಿಸುವ ಅಂತ ಬಂದೆ" ಅಂದೆ.

ಗೌಡ್ರು ಕ್ಯಾರಿಯರ್ ನೋಡಿದ್ರು. "ಸುಳ್ಯದಿಂದ ಹೊತ್ತುಕೊಂಡು ಬಂದದ್ದಾ ಇದನ್ನು?"

"ಹೌದು."

"ಬಸ್ಸಿನಲ್ಲಿ?"

"ವ್ಯಾನ್ ಶಾಲೆಯದ್ದು, ನನ್ನ ಸ್ವಂತದ ಕೆಲಸಕ್ಕೆ ತರ್ಲಿಕ್ಕಿಲ್ಲ."

ಅವರ ಮೀಸೆ ಸ್ವಲ್ಪ ಅಲುಗಿತು. "ಪಾಯಸ ಬರುವ ಮೊದಲೇ ಎಬ್ಬಿಸಿದೆ ನೀನು. ತಂಗಿಗೆ ಇದ್ದದ್ದು ಅದೊಂದೇ ಹುಡುಗಿ. ಅದರ ಮದುವೆಯ ಪಾಯಸ ಉಣ್ಣದೆ ಬಂದೆ ನಾನು. ಎಷ್ಟು ಬೇಜಾರಾಯ್ತು ಗೊತ್ತುಂಟಾ?"

"ಗೊತ್ತುಂಟು" ಅಂದೆ. ಗೊತ್ತಿಲ್ಲದೆ ಉಂಟಾ.

ಎಲೆ ಹಾಕಿ ಬಡಿಸಿದೆ. ಅವರು ಎರಡು ತುತ್ತು ಉಂಡು ಕೈ ನಿಲ್ಲಿಸಿದ್ರು. "ಒಬ್ಬನೇ ಕೂತು ಉಣ್ಣುದು ಎಂತ ಊಟ? ನೀನೂ ಕೂತುಕೊ." ಅವರ ಹೆಂಡತಿ ಒಳಗಿಂದ ಇನ್ನೊಂದು ಎಲೆ ತಂದು ಹಾಕಿಯೇ ಬಿಟ್ರು. ನಾನೂ ಕೂತೆ. ಉಣ್ಣುವಾಗ ಗೌಡ್ರು ಒಂದೊಂದೇ ಕೇಳಿದ್ರು. ಚಾರ್ಜಿಗೆ ಎಷ್ಟು ಹೊತ್ತು ಬೇಕು, ಆ ಮಗು ಬಸ್ಸು ಯಾಕೆ ಹತ್ತುದಿಲ್ಲ, ಅದರ ತಾಯಿ ಕತ್ತಲಲ್ಲಿ ಎಷ್ಟು ಹೊತ್ತು ನಿಂತಿದ್ದಳು. ಎಲ್ಲ ಹೇಳಿದೆ. ಪಾಯಸ ಬಾಯಿಗೆ ಹಾಕಿ, "ಅಡಿ ಹಿಡಿದಿದೆ" ಅಂದ್ರು. ಮತ್ತೆ ಇನ್ನೊಂದು ಸಲ ಹಾಕಿಸಿಕೊಂಡ್ರು.

ಹೊರಡುವಾಗ, "ಕೃಷ್ಣಮೋಹನನಿಗೆ ಫೋನ್ ಮಾಡ್ತೇನೆ. ಆ ತಗಡಿನ ಕೆಳಗೆ ಎಂತ ಉಂಟು ಅಂತ ನನಗೆ ಗೊತ್ತಿರ್ಲಿಲ್ಲ ಮಗ, ಬಿಸಿಲಿಗೆ ಇಟ್ಟದ್ದು" ಅಂದ್ರು.

ಕ್ಯಾರಿಯರ್ ಖಾಲಿ ತರಬಾರದು ಅಂತ ಅವರ ಹೆಂಡತಿ ಅದರಲ್ಲಿ ಕಾಟು ಮಾವಿನ ಉಪ್ಪಿನಕಾಯಿ ಹಾಕಿ ಕೊಟ್ಟಿದ್ದಾರೆ. ಗಮ್ಮತ್ತುಂಟು.

ಡಿಸೆಂಬರ್ 1, ಸೋಮವಾರ

ಮದುವೆ. ಗೇಟು ತೆರೆದಿತ್ತು. ಕೃಷ್ಣಮೋಹನಣ್ಣ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮೆಷಿನಿನ ಎದುರು ಇಟ್ಟಿದ್ರು, ಯಾರೂ ಕಾರು ಹಾಕಬಾರದು ಅಂತ.

ಡಿಸೆಂಬರ್ 4, ಗುರುವಾರ

ಕುರ್ಚಿ ತೆಗೆದು ಬದಿಗಿಟ್ಟು ಕಾರು ಹಾಕಿದ್ದ ಒಬ್ಬ. ಪುಣ್ಯಕ್ಕೆ ಊಟಕ್ಕೆ ಕೂತಿರ್ಲಿಲ್ಲ, ಸಿಕ್ಕಿದ. ಹತ್ತು ನಿಮಿಷ ತಡ.

ಚಾರ್ಜ್ ಆಗುವಾಗ ಅಡಿಗೆಯವರಿಗೆ ತೆಂಗಿನಕಾಯಿ ಒಡೆದು ಕೊಟ್ಟೆ. ಸುಮ್ಮನೆ ಕೂತು ಎಂತ ಮಾಡುದು? ಕೃಷ್ಣಮೋಹನಣ್ಣನಿಗೂ ಹೇಳಿದೆ: "ಮೈಕಿನಲ್ಲಿ ನೀವು ಕೂಗುದೇ ತಡ. ಎಲೆ ಹಾಕಿದ ಮೇಲೆ ಕೂಗಿದ್ರೆ ಯಾರು ಏಳ್ತಾರೆ? ಎಲೆ ಹಾಕುವ ಮೊದಲೇ ಕೂಗಿ." ಅವರು ತಲೆ ಕೆರೆದು, "ಹೌದಲ್ಲ" ಅಂದ್ರು. ಇಷ್ಟು ವರ್ಷ ಹಾಲ್ ನಡೆಸಿದವರಿಗೆ ಇದು ಹೊಳೀಲಿಲ್ಲ ನೋಡು.

ಡಿಸೆಂಬರ್ 9, ಮಂಗಳವಾರ

ಸಮಯಕ್ಕೆ ಸರಿ. ರೈಗಳು ಶಾಲೆಯಲ್ಲಿ ಪೇಡೆ ಹಂಚಿದ್ರಂತೆ, ಎಂತಕ್ಕೋ. ನಾನು ಬರುವಾಗ ಡಬ್ಬಿ ಖಾಲಿ.

ಗುರುವಾರ ಈ ವರ್ಷದ ದೊಡ್ಡ ಮದುವೆಯಂತೆ, ಎರಡು ಸಾವಿರ ಜನ. ಅದೊಂದು ದಾಟಿದ್ರೆ ಮತ್ತೆ ಧನು ತಿಂಗಳು, ಒಂದು ತಿಂಗಳು ಮದುವೆ ಇಲ್ಲ.

ಡಿಸೆಂಬರ್ 11, ಗುರುವಾರ

ಮನೆಗೆ ಬಂದು ಸೀದಾ ಡೈರಿ ತೆಗೆದೆ. ಎಲ್ಲ ಬರೆದಿಡುತ್ತೇನೆ.

ಹನ್ನೆರಡೂವರೆಗೆ ಹೋದ್ರೆ ಅಂಗಳದಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲ. ಮೆಷಿನಿನ ಎದುರು ದೊಡ್ಡ ಬಿಳಿ ಕಾರು. ಹೊಸತು, ನಂಬರ್ ಪ್ಲೇಟೇ ಇಲ್ಲ, ಎದುರು ಹೂವಿನ ಮಾಲೆ ಬಾಡಿಕೊಂಡು ನೇತಾಡ್ತಾ ಇತ್ತು. ಕೃಷ್ಣಮೋಹನಣ್ಣ ಎಲೆ ಹಾಕುವ ಮೊದಲೇ ಕೂಗಿದ್ರು, "ನಂಬರ್ ಇಲ್ಲದ ಬಿಳಿ ಕಾರು, ದಯವಿಟ್ಟು ತೆಗೆಯಬೇಕು" ಅಂತ. ಯಾರೂ ಬರ್ಲಿಲ್ಲ. ನಂಬರೇ ಇಲ್ಲದ್ದಕ್ಕೆ ಯಾರು ಬರ್ತಾರೆ, ಎಲ್ಲರೂ ಬೇರೆ ಯಾರದ್ದೋ ಅಂದುಕೊಳ್ಳುದು. ಅಷ್ಟರಲ್ಲಿ ಜನ ಊಟಕ್ಕೆ ನುಗ್ಗಿ ಆಯ್ತು, ಎಲೆ ಹಾಕಿ ಆಯ್ತು.

ಗಂಟೆ ಒಂದೂಕಾಲು. ಈ ಪಂಕ್ತಿ ಏಳುವಾಗ ಎರಡೂಕಾಲು. ಕಾರಿನವನನ್ನು ಹುಡುಕಿ ತೆಗೆಸಿ ಚಾರ್ಜ್ ಮಾಡಿ ಹೊರಡುವಾಗ ನಾಲ್ಕು. ಮೂರನೇ ಸಲ. ನನಗೆ ಸುಪ್ರಿತಾಳ ಟಾರ್ಚೇ ಕಣ್ಣೆದುರು ಬಂತು.

ಊಟದ ಹಾಲಿನ ಬಾಗಿಲಿಗೆ ಹೋಗಿ ನಿಂತೆ. ಒಳಗೆ ಹೋಗ್ಲಿಲ್ಲ. ಮುನ್ನೂರು ಜನರಲ್ಲಿ ಕಾರು ಯಾರದ್ದು ಅಂತ ಹುಡುಕುದು? ಗೊತ್ತಾದ್ರೂ ಎಬ್ಬಿಸುದು ಹೇಗೆ?

ಮೊದಲ ಪಂಕ್ತಿಯ ತುದಿಯಲ್ಲಿ ಸಂಕಪ್ಪ ಗೌಡ್ರು ಕೂತಿದ್ರು. ಮದುಮಗನ ಕಡೆಯ ನೆಂಟರಂತೆ, ಅಲ್ಲಿದ್ದವರಲ್ಲೇ ಹಿರಿಯರು. ನನ್ನನ್ನು ನೋಡಿದ್ರು. ಅಲ್ಲಿಂದಲೇ ಹುಬ್ಬು ಏರಿಸಿ ಎಂತ ಅಂತ ಕೇಳಿದ್ರು. ನಾನು ಅಂಗಳದ ಕಡೆ ಕೈ ತೋರಿಸಿದೆ. ಅಷ್ಟೇ ಮಾಡಿದ್ದು ನಾನು.

ಉಪ್ಪಿನವನು ಅವರ ಎಲೆಯ ಹತ್ರ ಬಂದ. ಗೌಡ್ರು ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದ್ರು.

"ನನಗೆ ಈಗ ಬಡಿಸುದು ಬೇಡ."

"ಯಾಕೆ ಗೌಡ್ರೆ, ಎಂತಾಯ್ತು?"

"ಹೊರಗೆ ಶಾಲೆ ಮಕ್ಕಳ ವ್ಯಾನ್ ನಿಂತಿದೆ. ಕರೆಂಟಿನ ಮೆಷಿನಿಗೆ ಯಾರೋ ಕಾರು ಅಡ್ಡ ಇಟ್ಟಿದ್ದಾರೆ. ಒಂದು ಸಲ ನಾನೂ ಇಟ್ಟಿದ್ದೆ, ಅರ್ಧ ಊಟದಿಂದ ಏಳಬೇಕಾಯ್ತು. ಇವತ್ತು ಯಾರನ್ನೂ ಊಟದಿಂದ ಎಬ್ಬಿಸುದು ಬೇಡ, ಬಡಿಸುವ ಮೊದಲೇ ಹೇಳ್ತಾ ಇದ್ದೇನೆ. ಬಿಳಿ ಕಾರು ಯಾರದ್ದೋ ಅವರು ತೆಗೆದು ಬರ್ಲಿ. ಅಲ್ಲಿಯವರೆಗೆ ನನ್ನ ಎಲೆ ಖಾಲಿ ಇರ್ಲಿ."

ಹಿರಿಯರ ಎಲೆ ಖಾಲಿ ಇಟ್ಟು ಉಳಿದವರಿಗೆ ಬಡಿಸಲಿಕ್ಕೆ ಉಂಟಾ? ಉಪ್ಪಿನವನು ನಿಂತ, ಅವನ ಹಿಂದೆ ಉಪ್ಪಿನಕಾಯಿಯವನು, ಅವನ ಹಿಂದೆ ಪಲ್ಯದವನು. ಮುನ್ನೂರು ಜನ ಕೈ ಕಟ್ಟಿ ಕೂತ್ರು. ಎಲ್ಲರೂ ಆಚೆ ಈಚೆ ನೋಡುದು, ಯಾರದ್ದು ಅಂತ.

ಮೂರನೇ ಸಾಲಿನಲ್ಲಿ ಒಬ್ಬರು ಎದ್ದರು. ಮುಖ ಕೆಂಪು ಕೆಂಪು. ಯಾರು ಅಂತೀರಿ? ನಮ್ಮ ದೇವದಾಸ ರೈಗಳು!

ಆ ಪೇಡೆ ಹೊಸ ಕಾರಿನದ್ದು.

ಮುಂಡು ಎತ್ತಿ ಹಿಡ್ಕೊಂಡು ಸಾಲಿನ ನಡುವೆ ಬಂದ್ರು. ಬಾಗಿಲಲ್ಲಿ ನನ್ನ ಎದುರು ಒಂದು ಕ್ಷಣ ನಿಂತು, "ಡ್ರೈವರ್ ಇಟ್ಟದ್ದು ದಮಯಂತಿ, ನಾನು ನೋಡ್ಲಿಲ್ಲ... ನಾನೇ ನೋಡ್ಬೇಕಿತ್ತು" ಅಂದ್ರು. ನನ್ನ ನಾಲಿಗೆಯ ತುದಿಯಲ್ಲಿ ಎಷ್ಟೆಲ್ಲ ಇತ್ತು. "ನಿಧಾನಕ್ಕೆ ಹಿಂದೆ ತೆಗೀರಿ, ಹೊಸ ಗಾಡಿ, ನಾನು ದಾರಿ ತೋರಿಸ್ತೇನೆ" ಅಂದೆ. ಹಿಂದೆ ನಿಂತು ಕೈ ಮಾಡಿದೆ, ಒಂದು ಗೀರು ಬೀಳದ ಹಾಗೆ ತೆಗೆಸಿದೆ. ಅವರು ವಾಪಸ್ ಹೋಗಿ ಕೂತ ಮೇಲೆ ಗೌಡ್ರು ಎಲೆಯಿಂದ ಕೈ ತೆಗೆದ್ರು. ಉಪ್ಪು ಬಂತು.

ಗನ್ ಸಿಕ್ಕಿಸಿ ನಿಂತಿದ್ದೆ. ಕೃಷ್ಣಮೋಹನಣ್ಣ ಬಂದು, "ಇನ್ನೂ ಒಂದು ಗಂಟೆ ಉಂಟಲ್ಲ, ಊಟಕ್ಕೆ ಬನ್ನಿ ಅಕ್ಕ" ಅಂದ್ರು. ಹೋಗಿ ಹಿಂದಿನ ಸಾಲಿನಲ್ಲಿ ಖಾಲಿ ಇದ್ದ ಎಲೆಗೆ ಕೂತೆ, ಯೂನಿಫಾರ್ಮಿನಲ್ಲೇ. ಹಸಿವಾಗಿತ್ತು. ಪಾಯಸ ಎರಡು ಸಲ ಹಾಕಿಸಿಕೊಂಡೆ, ಅಡಿ ಹಿಡಿದಿರ್ಲಿಲ್ಲ.

ಸಂಪಾಜೆಗೆ ಹತ್ತು ನಿಮಿಷ ತಡ. ಬಿಸಿಲು ಇತ್ತು. ಸುಪ್ರಿತಾಳ ಕೈಯಲ್ಲಿ ಟಾರ್ಚ್ ಇರ್ಲಿಲ್ಲ. ಪ್ರೀತಿಕಾ 58 ಅಂತ ಬರೆದು, ಪುಸ್ತಕ ನನ್ನ ಕಡೆ ತಿರುಗಿಸಿ ತೋರಿಸಿದಳು. ಇಷ್ಟು ದಿನ ತೋರಿಸಿದ್ದಿಲ್ಲ.

ಡಿಸೆಂಬರ್ 16, ಮಂಗಳವಾರ

ನಿನ್ನೆ ಮೀಟಿಂಗ್ ಆಯ್ತು. ಡೀಸೆಲ್ ಕಾಂಟ್ರಾಕ್ಟ್ ಇಲ್ಲ. ಬೇಡ ಅಂತ ಮೊದಲು ಹೇಳಿದ್ದೇ ರೈಗಳಂತೆ. ಮೆಷಿನಿನ ಎದುರು ಕಾರು ಇಟ್ಟದ್ದು ತಾನೇ ಅಂತಲೂ ಹೇಳಿದ್ರಂತೆ, ನಾನಾಗಿ ಯಾರ ಹತ್ರವೂ ಬಾಯಿ ಬಿಟ್ಟಿರ್ಲಿಲ್ಲ. ಸುಪ್ರಿತಾಳಿಗೆ ಬೆಳಿಗ್ಗೆ ಹೇಳಿದೆ. ಅವಳು ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ. ಪ್ರೀತಿಕಾ ಬಾಗಿಲು ತೆಗೆದು ತನ್ನ ಸೀಟಲ್ಲಿ ಕೂತು 74 ಅಂತ ಬರೆದಾಗಿತ್ತು, ತಡ ಯಾಕೆ ಅನ್ನುವ ಹಾಗೆ ಡ್ಯಾಶ್‌ಬೋರ್ಡಿಗೆ ತಟ್ಟಿದಳು.

ಧನು ತಿಂಗಳು ಸುರು. ಮಧ್ಯಾಹ್ನ ಹೋದ್ರೆ ಹಾಲಿನ ಅಂಗಳ ಖಾಲಿ. ಬೇಕಾದಲ್ಲಿ ನಿಲ್ಲಿಸಬಹುದು. ವಾಲಗ ಇಲ್ಲ, ಒಲೆ ಇಲ್ಲ, ಕೃಷ್ಣಮೋಹನಣ್ಣ ಒಬ್ಬರೇ ಪಾತ್ರೆ ಎಣಿಸ್ತಾ ಇದ್ರು. ಎಂತದೋ ಬೇಜಾರು, ಒಂದು ಗಂಟೆ ಕಳೆಯುದೇ ಕಷ್ಟ ಆಯ್ತು.

ಕೊಯಿಲದಿಂದ ಕಾಗದ ಬಂದಿದೆ. ಸಂಕಪ್ಪ ಗೌಡ್ರ ಮೊಮ್ಮಗಳ ಮದುವೆ, ಜನವರಿ ಕೊನೆಯಲ್ಲಿ, ಅದೇ ಹಾಲಿನಲ್ಲಿ. ಮೇಲೆ ಪೆನ್ನಿನಲ್ಲಿ ಬರೆದಿದ್ದಾರೆ: "ಮೊದಲ ಪಂಕ್ತಿಯಲ್ಲಿ ನನ್ನ ಹತ್ರ ಕೂರ್ಬೇಕು."

ಆ ದಿನ ಆದಿತ್ಯವಾರ, ಶಾಲೆ ಇಲ್ಲ, ಚಾರ್ಜಿನ ಗಡಿಬಿಡಿ ಇಲ್ಲ. ಟ್ರಂಕಿನಿಂದ ಹಸಿರು ಸೀರೆ ತೆಗೆದೆ. ಮಡಿಕೆಯಲ್ಲೆಲ್ಲ ಗೆರೆ ಬಿದ್ದಿದೆ. ನಾಳೆ ಪೇಟೆಗೆ ಹೋಗುವಾಗ ಇಸ್ತ್ರಿಗೆ ಕೊಡ್ಬೇಕು.